ಓದುಗರ ಪ್ರಶ್ನೆ: ಕಡಲ ದಡದ ಚಳಿಗಾಲ, ಒಳನಾಡಿನ ಚಳಿಗಾಲ

ಪ್ರಶ್ನೆ: ಒಂದೇ ಅಕ್ಷಾಂಶದಲ್ಲಿರುವ ಎರಡು ಊರುಗಳ ಮೇಲೆ ಸೂರ್ಯ ಒಂದೇ ಕೋನದಲ್ಲಿ ಬೆಳಗುತ್ತಾನೆ. ಹಾಗಿದ್ದರೂ ಚಳಿಗಾಲದಲ್ಲಿ ಕಡಲ ಬಳಿಯ ಊರು ಹಿತವಾಗಿಯೂ ಒಳನಾಡಿನ ಊರು ಕೊರೆಯುವಂತೆಯೂ ಇರುವುದೇಕೆ? ನೀರು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ ಎಂಬ ಪಾಠಪುಸ್ತಕದ ಉತ್ತರ ಸಾಕಾಗುವುದೇ?

ಉತ್ತರ: ಪಾಠಪುಸ್ತಕದ ಉತ್ತರ ತಪ್ಪಲ್ಲ, ಆದರೆ ಅದು ಅರ್ಧ ದಾರಿಯಲ್ಲಿಯೇ ನಿಂತುಬಿಡುತ್ತದೆ. ಒಂದು ಗ್ರಾಂ ನೀರಿನ ತಾಪಮಾನವನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಸುಮಾರು 4.18 ಜೂಲ್ ಶಾಖ ಬೇಕು. ಒಣ ಮಣ್ಣಿಗೂ ಬಂಡೆಗೂ ಅದರ ಐದನೆಯ ಒಂದು ಪಾಲು ಸಾಕು. ಆದರೆ ಬಂಡೆ ನೀರಿಗಿಂತ ಭಾರ. ತೂಕವನ್ನು ಬಿಟ್ಟು ಗಾತ್ರದ ಲೆಕ್ಕ ಹಿಡಿದರೆ ಐದು ಪಟ್ಟಿನ ಅಂತರ ಎರಡು ಪಟ್ಟಿಗೆ ಇಳಿಯುತ್ತದೆ. ಕಡಲಿಗೂ ನೆಲಕ್ಕೂ ನಾವು ಕಾಣುವ ಭಾರಿ ವ್ಯತ್ಯಾಸವನ್ನು ಈ ಎರಡು ಪಟ್ಟು ವಿವರಿಸಲಾರದು.

ಕಡಲಿನ ನಿಜವಾದ ಬಲ ಇರುವುದು ಅದರ ಆಳದಲ್ಲಿ. ನೆಲದ ಮೇಲೆ ಬಿದ್ದ ಬಿಸಿಲು ಮೇಲ್ಮೈಯಲ್ಲಿಯೇ ನಿಲ್ಲುತ್ತದೆ; ಅಲ್ಲಿಂದ ಶಾಖವು ಮಣ್ಣಿನ ಕಣದಿಂದ ಕಣಕ್ಕೆ ತೆವಳಿಕೊಂಡು ಇಳಿಯಬೇಕಾದ್ದರಿಂದ ಹಗಲಿರುಳಿನ ಏರಿಳಿತವು ಮೀಟರಿನೊಳಗೇ ಅಳಿಸಿಹೋಗುತ್ತದೆ, ವರ್ಷದ ಏರಿಳಿತವೂ ಹತ್ತು ಹದಿನೈದು ಮೀಟರ್ ದಾಟುವುದಿಲ್ಲ. ಕಡಲಿನಲ್ಲಿಯಾದರೋ ಬೆಳಕೇ ಹತ್ತಾರು ಮೀಟರ್ ಕೆಳಗಿಳಿಯುತ್ತದೆ, ಗಾಳಿ ಮತ್ತು ಅಲೆಗಳು ನೀರನ್ನು ಕಲಕುತ್ತಲೇ ಇರುತ್ತವೆ. ಚಳಿಗಾಲ ಬಂದಾಗ ಮೇಲಿನ ನೀರು ತಣಿದು ಭಾರವಾಗಿ ಮುಳುಗುತ್ತದೆ, ಕೆಳಗಿನ ಬೆಚ್ಚನೆಯ ನೀರು ಅದರ ಜಾಗಕ್ಕೆ ಏರುತ್ತದೆ. ಇಲ್ಲಿ ಉಪ್ಪಿನ ಪಾತ್ರವೂ ಇದೆ. ಸಿಹಿನೀರು 4 ಡಿಗ್ರಿಗಿಂತ ಕೆಳಗೆ ತಣಿದಂತೆಲ್ಲ ಮತ್ತೆ ಹಗುರಾಗಿ ಮೇಲೆಯೇ ಉಳಿಯುವುದರಿಂದ ಕೆರೆಯ ಮೇಲ್ಭಾಗ ಬೇಗ ಹೆಪ್ಪುಗಟ್ಟುತ್ತದೆ. ಕಡಲ ನೀರು ಹಾಗಲ್ಲ. ಸುಮಾರು ಮೈನಸ್ 1.9 ಡಿಗ್ರಿಯಲ್ಲಿ ಹೆಪ್ಪುಗಟ್ಟುವವರೆಗೂ ಅದು ಭಾರವಾಗುತ್ತಲೇ ಹೋಗುತ್ತದೆ, ಮುಳುಗುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ಶಾಖವನ್ನು ತಿಂಗಳುಗಟ್ಟಲೆ ಗಾಳಿಗೆ ಕೊಡುತ್ತಿರಲು ಅದಕ್ಕೆ ಸಾಧ್ಯವಾಗುವುದು ಹೀಗೆ. ಉತ್ತರಾರ್ಧ ಗೋಳದ ಒಳನಾಡುಗಳು ಸಾಮಾನ್ಯವಾಗಿ ಜನವರಿಯಲ್ಲಿಯೇ ಚಳಿಯ ತುದಿ ಮುಟ್ಟಿದರೆ, ತೆರೆದ ಕಡಲು ಅತ್ಯಂತ ತಣ್ಣಗಾಗುವುದು ಫೆಬ್ರವರಿಯ ಕೊನೆಗೆ ಅಥವಾ ಮಾರ್ಚ್‌ನಲ್ಲಿ.

ರಾತ್ರಿಯ ಕಥೆ ಬೇರೆಯದು. ಸೂರ್ಯ ಮುಳುಗಿದ ಮೇಲೆ ನೆಲವು ತನ್ನ ಶಾಖವನ್ನು ಅವಗೆಂಪು ವಿಕಿರಣದ ರೂಪದಲ್ಲಿ ಆಕಾಶಕ್ಕೆ ಬಿಡುತ್ತದೆ, ಮೋಡವೂ ನೀರಾವಿಯೂ ಅದರಲ್ಲಿ ಒಂದಷ್ಟನ್ನು ಹಿಡಿದು ಹಿಂದಕ್ಕೆ ಕಳುಹಿಸುತ್ತವೆ. ಒಳನಾಡಿನ ಚಳಿಗಾಲದ ಆಕಾಶ ಬಹುಮಟ್ಟಿಗೆ ಶುಭ್ರ, ಗಾಳಿ ಒಣ. ಹೊದಿಕೆ ಇಲ್ಲದ ನೆಲ ಬೇಗ ಆರುತ್ತದೆ. ಜೊತೆಗೆ, ತಣಿಯುತ್ತಿರುವ ಗಾಳಿಯಲ್ಲಿ ಇಬ್ಬನಿಯೋ ಮಂಜೋ ಕಟ್ಟತೊಡಗಿದರೆ, ಸಾಂದ್ರೀಕರಿಸುವ ಪ್ರತಿ ಗ್ರಾಂ ನೀರಾವಿಯೂ ಸುಮಾರು 2,500 ಜೂಲ್ ಗುಪ್ತೋಷ್ಣವನ್ನು (ಆವಿಯಾಗುವಾಗ ನೀರು ಹೀರಿಕೊಂಡಿದ್ದ ಶಾಖವನ್ನು) ಬಿಡುಗಡೆ ಮಾಡುವುದರಿಂದ ತಾಪಮಾನದ ಇಳಿತ ಅಲ್ಲಿಂದ ಮುಂದೆ ಮಂದವಾಗುತ್ತದೆ. ತೇವ ಹೆಚ್ಚಿರುವ ಕಡಲ ದಡದಲ್ಲಿ ಈ ತಡೆ ಬೇಗ ಎದುರಾಗುತ್ತದೆ, ಒಣ ಒಳನಾಡಿನಲ್ಲಿ ಬಹಳ ಕೆಳಗಿಳಿದ ಮೇಲೆ. ಹೀಗಾಗಿ ಒಳನಾಡಿನಲ್ಲಿ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ಹದಿನೈದು ಇಪ್ಪತ್ತು ಡಿಗ್ರಿ ಅಂತರ ಬೀಳುವ ದಿನಗಳಿರುತ್ತವೆ. ದಡದಲ್ಲಿ ಅಷ್ಟು ಅಂತರ ಅಪರೂಪ.

ಪ್ರಶ್ನೆ: ಕಡಲು ಚಳಿಯನ್ನು ತಗ್ಗಿಸುವುದಾದರೆ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ಬಂದರುಗಳು ಇರುವುದು ಹೇಗೆ?

ಉತ್ತರ: ಈ ಪ್ರಶ್ನೆಗಾಗಿ ಓದುಗರಿಗೆ ಕೃತಜ್ಞತೆ ಹೇಳಬೇಕು, ಏಕೆಂದರೆ ವಿಷಯದ ಗಂಟು ಇರುವುದು ಇಲ್ಲಿಯೇ. ಕಡಲು ಎಷ್ಟು ದೂರದಲ್ಲಿದೆ ಎಂದು ಕೇಳುವುದಕ್ಕಿಂತ ಚಳಿಗಾಲದ ಗಾಳಿ ಎತ್ತ ಕಡೆಯಿಂದ ಬೀಸುತ್ತದೆ ಎಂದು ಕೇಳುವುದು ಹೆಚ್ಚು ಉಪಯುಕ್ತ. ಫ್ರಾನ್ಸಿನ ಮಾರ್ಸೆ ಮತ್ತು ರಷ್ಯದ ವ್ಲಾದಿವೊಸ್ತೋಕ್ ಎರಡೂ 43 ಡಿಗ್ರಿ ಉತ್ತರ ಅಕ್ಷಾಂಶದ ಬಂದರುಗಳು. ಜನವರಿಯ ಸರಾಸರಿ ತಾಪಮಾನ ಮಾರ್ಸೆಯಲ್ಲಿ ಸುಮಾರು 7 ಡಿಗ್ರಿಯಿದ್ದರೆ ವ್ಲಾದಿವೊಸ್ತೋಕ್‌ನಲ್ಲಿ ಮೈನಸ್ 12ರ ಆಸುಪಾಸಿನಲ್ಲಿದೆ. ಚಳಿಗಾಲದಲ್ಲಿ ಸೈಬೀರಿಯದ ಮೇಲೆ ತಣ್ಣನೆಯ, ಭಾರವಾದ ಗಾಳಿ ಶೇಖರವಾಗಿ ಅಧಿಕ ಒತ್ತಡದ ದೊಡ್ಡ ವಲಯವೊಂದು ನೆಲೆಗೊಳ್ಳುತ್ತದೆ, ಅಲ್ಲಿಂದ ಹೊರಬೀಳುವ ಗಾಳಿ ಪೂರ್ವ ಏಷ್ಯದ ಕರಾವಳಿಯನ್ನು ಹಾದು ಕಡಲಿಗೆ ಹೋಗುತ್ತದೆ. ವ್ಲಾದಿವೊಸ್ತೋಕ್‌ನ ಕಾಲಬುಡದಲ್ಲಿ ಕಡಲಿದೆ, ತಲೆಯ ಮೇಲೆ ಬೀಸುವುದು ಮಾತ್ರ ಖಂಡದ ಗಾಳಿ. ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿಯೂ ಇದೇ ಬಗೆ. ಮಧ್ಯ ಅಕ್ಷಾಂಶಗಳಲ್ಲಿ ಪಡುವಣ ಗಾಳಿಯೇ ಹೆಚ್ಚು. ಪೋರ್ಚುಗಲ್ಲಿನ ಪೋರ್ತೊ ನಗರಕ್ಕೆ ಅದು ಸಾಗರವನ್ನು ದಾಟಿ ಬರುತ್ತದೆ, ಜನವರಿಯ ಸರಾಸರಿ ಸುಮಾರು 10 ಡಿಗ್ರಿ. ಹೆಚ್ಚುಕಡಿಮೆ ಅದೇ ಅಕ್ಷಾಂಶದ ನ್ಯೂಯಾರ್ಕ್‌ಗೆ ಖಂಡವನ್ನು ದಾಟಿ ಬರುತ್ತದೆ, ಸರಾಸರಿ ಸೊನ್ನೆಯಿಂದ ಬಹಳ ಮೇಲೇನೂ ಇಲ್ಲ. ಯುರೋಪಿನ ಸೌಮ್ಯ ಚಳಿಗಾಲದ ಹಿರಿಮೆಯನ್ನೆಲ್ಲ ಗಲ್ಫ್ ಸ್ಟ್ರೀಮ್ ಎಂಬ ಬಿಸಿ ಪ್ರವಾಹಕ್ಕೇ ಕಟ್ಟಿಬಿಡುವ ರೂಢಿಯಿದೆ. ಪ್ರವಾಹದ ಪಾಲನ್ನು ಅಲ್ಲಗಳೆಯಬೇಕಿಲ್ಲ, ಆದರೆ ಕಡಲ ಶಾಖವನ್ನು ಹೊತ್ತು ದಡಕ್ಕೆ ತರುವ ಗಾಳಿಯನ್ನು ಆ ವಿವರಣೆ ಮರೆತೇಬಿಡುತ್ತದೆ ಎಂಬುದು ನನ್ನ ತಕರಾರು.

ಎರಡನೆಯ ಮಾತು, ಕಡಲು ಕಡಲಾಗಿ ಉಳಿದಿರಬೇಕು. ನಾರ್ವೆಯ ಟ್ರೋಮ್ಸೊ 69 ಡಿಗ್ರಿಗಿಂತಲೂ ಉತ್ತರದಲ್ಲಿದೆ, ಆದರೆ ಅದರ ಬಂದರು ಹೆಪ್ಪುಗಟ್ಟುವುದಿಲ್ಲ, ಜನವರಿಯ ಸರಾಸರಿ ಮೈನಸ್ 3 ಅಥವಾ 4. ಅದಕ್ಕಿಂತ ತುಸು ದಕ್ಷಿಣದಲ್ಲಿರುವ ಸೈಬೀರಿಯದ ವೆರ್ಖೊಯಾನ್ಸ್ಕ್ ಪಟ್ಟಣದಲ್ಲಿ ಅದೇ ತಿಂಗಳ ಸರಾಸರಿ ಮೈನಸ್ 45ರ ಹತ್ತಿರ. 1892ರ ಫೆಬ್ರವರಿಯಲ್ಲಿ ಅಲ್ಲಿ ಮೈನಸ್ 67.8 ದಾಖಲಾಗಿದೆ; 2020ರ ಜೂನ್‌ನಲ್ಲಿ ಅದೇ ಊರು 38 ಡಿಗ್ರಿಯನ್ನೂ ಕಂಡಿತು. ಈ ಪಟ್ಟಣದಿಂದ ಲಾಪ್ಟೆವ್ ಸಮುದ್ರ ಕೆಲವೇ ನೂರು ಕಿಲೋಮೀಟರ್ ದೂರ ಎಂಬುದನ್ನು ಗಮನಿಸಬೇಕು. ಆದರೆ ಚಳಿಗಾಲದುದ್ದಕ್ಕೂ ಆ ಸಮುದ್ರ ಹಿಮಗಡ್ಡೆಯ ಮುಚ್ಚಳ ಹಾಕಿಕೊಂಡಿರುತ್ತದೆ. ಗಡ್ಡೆಯೂ ಅದರ ಮೇಲಿನ ಹಿಮವೂ ಶಾಖವನ್ನು ಸುಲಭವಾಗಿ ಹಾಯಗೊಡವಾದ್ದರಿಂದ, ಅಡಿಯಲ್ಲಿ ನೀರಿದ್ದರೂ ಗಾಳಿಯ ಪಾಲಿಗೆ ಅದು ನೆಲವೇ ಸರಿ. ಹೆಪ್ಪುಗಟ್ಟುವ ಬಂದರುಗಳಲ್ಲಿಯೂ ಚಳಿ ಹೀಗೆ ಬೆಳೆಯುತ್ತದೆ: ಖಂಡದ ಗಾಳಿ ನೀರನ್ನು ಹೆಪ್ಪುಗಟ್ಟಿಸುತ್ತದೆ, ಗಡ್ಡೆ ನೀರಿನ ನೆರವನ್ನು ತಡೆಯುತ್ತದೆ.

ಇನ್ನು ಕಡಲು ಯಾವಾಗಲೂ ಸೌಮ್ಯ ಎಂದೂ ಭಾವಿಸಬಾರದು. ಅದೇ ಸೈಬೀರಿಯದ ಒಣಗಾಳಿ ಜಪಾನ್ ಸಮುದ್ರವನ್ನು ದಾಟುವಾಗ ಶಾಖವನ್ನೂ ನೀರಾವಿಯನ್ನೂ ತುಂಬಿಕೊಳ್ಳುತ್ತದೆ, ಹೊನ್‌ಶು ದ್ವೀಪದ ಬೆಟ್ಟಸಾಲಿಗೆ ಬಡಿದು ಪಶ್ಚಿಮ ದಡದ ಕಡೆ ಮೀಟರುಗಟ್ಟಲೆ ಹಿಮ ಸುರಿಸುತ್ತದೆ. ಬೆಟ್ಟದಾಚೆಯ ಪೆಸಿಫಿಕ್ ದಡದಲ್ಲಿರುವ ಟೋಕಿಯೊದಲ್ಲಿ ಆ ಹೊತ್ತಿಗೆ ಒಣ ಹವೆ, ಎಳೆಬಿಸಿಲು. ಉತ್ತರ ಅಮೆರಿಕದ ಮಹಾಸರೋವರಗಳನ್ನು ದಾಟಿದ ಗಾಳಿ ಬಂದು ಮುಟ್ಟುವ ದಡಗಳಲ್ಲಿಯೂ ಇಂಥದೇ ಹಿಮಪಾತ ಆಗುತ್ತದೆ, ಸರೋವರ ಹೆಪ್ಪುಗಟ್ಟಿದರೆ ಅದು ಬಹುಮಟ್ಟಿಗೆ ನಿಂತುಹೋಗುತ್ತದೆ.

ಪ್ರಶ್ನೆ: ತಾಪಮಾಪಕ 5 ಡಿಗ್ರಿ ತೋರಿಸುವ ಕಡಲ ದಡದಲ್ಲಿ, 0 ಡಿಗ್ರಿಯ ಒಳನಾಡಿನಲ್ಲಿ ಆಗುವಷ್ಟೇ ಚಳಿಯಾಗುತ್ತದೆ. ಗಾಳಿಯ ತೇವ ಇದಕ್ಕೆ ಕಾರಣವೇ?

ಉತ್ತರ: ಬಹುಪಾಲು ಅಲ್ಲ. ಅಷ್ಟು ತಣ್ಣನೆಯ ಗಾಳಿಯಲ್ಲಿ ತೇವವೇ ಕಡಿಮೆ: 5 ಡಿಗ್ರಿಯ ಒಂದು ಘನಮೀಟರ್ ಗಾಳಿ ಪೂರ್ತಿ ತುಂಬಿದಾಗಲೂ ಏಳು ಗ್ರಾಂ ನೀರಾವಿಯನ್ನು ಹಿಡಿಯಲಾರದು, 30 ಡಿಗ್ರಿಯ ಗಾಳಿ ಹಿಡಿಯುವುದು ಸುಮಾರು ಮೂವತ್ತು ಗ್ರಾಂ. ನಿಮ್ಮನ್ನು ನಡುಗಿಸುವುದು ಬೀಸುಗಾಳಿ. ಮೈಯನ್ನು ಅಂಟಿಕೊಂಡಿರುವ ಬೆಚ್ಚನೆಯ ಗಾಳಿಯ ಪದರವನ್ನು ಅದು ಕಿತ್ತೊಯ್ಯುತ್ತಲೇ ಇರುತ್ತದೆ. ಅಮೆರಿಕ ಮತ್ತು ಕೆನಡಾ 2001ರಲ್ಲಿ ಅಳವಡಿಸಿಕೊಂಡ, ಬೀಸುಗಾಳಿಯಲ್ಲಿ ಚಳಿ ಎಷ್ಟೆನಿಸುತ್ತದೆಂದು ಲೆಕ್ಕಹಾಕುವ ಸೂತ್ರದ ಪ್ರಕಾರ, 5 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದರೆ ತೆರೆದ ಚರ್ಮಕ್ಕೆ ಆಗುವುದು 0 ಡಿಗ್ರಿಯ ಅನುಭವ. ಒಳನಾಡಿನ ಅಧಿಕ ಒತ್ತಡದ ನಿಶ್ಚಲ ಬೆಳಗಿನಲ್ಲಿ ಆ ಹೆಚ್ಚಿನ ಪೆಟ್ಟು ಇರುವುದಿಲ್ಲ. ತುಂತುರಿಗೆ ಬಟ್ಟೆ ಒದ್ದೆಯಾದರೆ ಮಾತ್ರ ತೇವವೂ ಅಪರಾಧಿಯೇ. ಒಳನಾಡಿನ ಕಾಟ ಇನ್ನೊಂದು ಬಗೆಯದು: ಮೈನಸ್ 20ರ ಗಾಳಿಯನ್ನು ಮನೆಯೊಳಗೆ 20 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು) ಶೇಕಡಾ 10ಕ್ಕಿಂತ ಕೆಳಗಿಳಿಯುತ್ತದೆ, ತುಟಿ ಒಡೆಯುವುದೂ ಗಂಟಲು ಒಣಗುವುದೂ ಅದರಿಂದಲೇ.

ಪ್ರಶ್ನೆ: ಎರಡು ಊರುಗಳ ಚಳಿಗಾಲವನ್ನು ಹೋಲಿಸುವಾಗ ಯಾವ ಎಚ್ಚರ ಬೇಕು?

ಉತ್ತರ: ಮೊದಲು ಎತ್ತರವನ್ನು ನೋಡಿಕೊಳ್ಳಿ. ಒಳನಾಡಿನ ಊರುಗಳು ಸಾಮಾನ್ಯವಾಗಿ ಎತ್ತರದಲ್ಲಿರುತ್ತವೆ, ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿಯಂತೆ ತಾಪಮಾನ ಇಳಿಯುತ್ತದೆ. 900 ಮೀಟರ್ ಎತ್ತರದ ಊರು ದಡಕ್ಕಿಂತ 10 ಡಿಗ್ರಿ ತಣ್ಣಗಿದ್ದರೆ ಅದರಲ್ಲಿ ಸುಮಾರು 6 ಡಿಗ್ರಿ ಎತ್ತರದ ಲೆಕ್ಕಕ್ಕೆ ಹೋಗುತ್ತದೆ, ಕಡಲಿನ ಗೈರುಹಾಜರಿಗೆ ಉಳಿಯುವುದು ನಾಲ್ಕೇ. ಆದರೆ ಶುಭ್ರ, ನಿಶ್ಚಲ ರಾತ್ರಿಗಳಲ್ಲಿ ಈ ಲೆಕ್ಕವೂ ತಲೆಕೆಳಗಾಗಬಹುದು: ತಣ್ಣನೆಯ ಭಾರದ ಗಾಳಿ ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ನಿಲ್ಲುವುದರಿಂದ ಬೆಟ್ಟದ ಮಗ್ಗುಲಿನ ಮನೆಗಿಂತ ಕೆಳಗಿನ ಹೊಲವೇ ಹೆಚ್ಚು ಕೊರೆಯುತ್ತದೆ. ವೆರ್ಖೊಯಾನ್ಸ್ಕ್ ಕೂಡ ನದಿ ಕಣಿವೆಯ ಊರೇ.