ಕ್ಯಾಲಿಫೋರ್ನಿಯಾದ ಇನ್ಯೋ ಕೌಂಟಿಯಲ್ಲಿ ಹವಾಮಾನ ಹೇಗಿರತ್ತೆ?

ಕೌಂಟಿಯ ಯಾವ ಮೂಲೆ ಅಂತ ಹೇಳ್ದೆ ಇದಕ್ಕೆ ಉತ್ತರ ಕೊಡೋದು ಕಷ್ಟ. ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗಿರೋ, ಡೆತ್ ವ್ಯಾಲಿ ಅನ್ನೋ ಮರುಭೂಮಿ ಕಣಿವೆಯ ಬ್ಯಾಡ್‌ವಾಟರ್ ಬೇಸಿನ್ನೂ ಇಲ್ಲೇ ಇದೆ, 4,421 ಮೀಟರ್ ಎತ್ತರದ ಮೌಂಟ್ ವಿಟ್ನಿನೂ ಇದರ ಪಶ್ಚಿಮದ ಗಡಿ ಮೇಲೇ ಇದೆ.

ಒಟ್ಟಾರೆ ಒಣ ಹವೆ ಅನ್ಕೊಳ್ಳಿ. ಪೆಸಿಫಿಕ್ ಕಡೆಯಿಂದ ಬರೋ ತೇವದ ಗಾಳಿ ಸಿಯೆರಾ ನೆವಾಡಾ ಬೆಟ್ಟ ಹತ್ತೋವಾಗ್ಲೇ ತಣ್ಣಗಾಗಿ ಮಳೆ, ಹಿಮ ಎಲ್ಲಾ ಅಲ್ಲೇ ಸುರಿದುಬಿಡತ್ತೆ, ಈ ಕಡೆ ಇಳಿಯೋ ಗಾಳಿಲಿ ಪಸೆನೇ ಉಳಿದಿರಲ್ಲ, ಮೇಲಾಗಿ ಇಳೀತಾ ಇಳೀತಾ ಅದು ಬಿಸಿನೂ ಆಗತ್ತೆ. ಮಳೆ ನೆರಳು ಅಂತಾರಲ್ಲ, ಅದೇ ಇದು. ಡೆತ್ ವ್ಯಾಲಿ ಮುಟ್ಟೋ ಹೊತ್ತಿಗೆ ಇನ್ನೂ ಕೆಲವು ಬೆಟ್ಟದ ಸಾಲು ದಾಟಿರತ್ತೆ, ಹಾಗಾಗಿ ಅಲ್ಲಿ ಇಡೀ ವರ್ಷಕ್ಕೆ ಬರೋದು ಸುಮಾರು 5-6 ಸೆಂ.ಮೀ. ಮಳೆ ಅಷ್ಟೇ. 1913ರ ಜುಲೈ 10ಕ್ಕೆ ಅಲ್ಲಿನ ಫರ್ನೇಸ್ ಕ್ರೀಕ್ ಅನ್ನೋ ಜಾಗದಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು, ಈಗ್ಲೂ ಅಧಿಕೃತ ವಿಶ್ವ ದಾಖಲೆ ಅದೇ (ಆ ರೀಡಿಂಗ್ ಮೇಲೆ ಕೆಲವು ತಜ್ಞರಿಗೆ ಡೌಟ್ ಇದೆ ಅನ್ನೋದು ಬೇರೆ ಮಾತು). ಜುಲೈಲಿ ರಾತ್ರಿನೂ ಎಷ್ಟೋ ಸಲ 30ಕ್ಕಿಂತ ಕೆಳಗೆ ಇಳಿಯಲ್ಲ.

ಬಿಷಪ್ ಊರಿನ ಕಥೆ ಬೇರೆ, ಅದು 1,200 ಮೀಟರ್ ಮೇಲಿದೆ. ಬೇಸಿಗೆಲಿ ಹಗಲು ಸುಡತ್ತೆ ಆದ್ರೆ ರಾತ್ರಿ ತಂಪು, ಚಳಿಗಾಲದ ರಾತ್ರಿಗಳಲ್ಲಿ ಸೊನ್ನೆಗಿಂತ ಕೆಳಗೆ ಹೋಗೋದು ಮಾಮೂಲು.

ಮಳೆ ಕಮ್ಮಿ ಅಂತ ನೆರೆ ಬರಲ್ಲ ಅನ್ಕೋಬೇಡಿ. 2023ರ ಆಗಸ್ಟ್ 20ಕ್ಕೆ ಹಿಲರಿ ಚಂಡಮಾರುತದ ಶೇಷ ಬಂದಾಗ ಫರ್ನೇಸ್ ಕ್ರೀಕಲ್ಲಿ ಒಂದೇ ದಿನ 56 ಮಿ.ಮೀ. ಸುರೀತು, ಅಂದ್ರೆ ವರ್ಷದ ಮಳೆ ಒಂದೇ ದಿನಕ್ಕೆ. ರಸ್ತೆ ಕೊಚ್ಚಿಹೋಗಿ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕ್ ಸುಮಾರು ಎರಡು ತಿಂಗಳು ಕ್ಲೋಸ್ ಆಗಿತ್ತು, ಬ್ಯಾಡ್‌ವಾಟರ್‌ನ ಉಪ್ಪಿನ ಬಯಲಲ್ಲಿ ಕೆರೆನೇ ನಿಂತಿತ್ತು.