ಎಂಎಸ್ಸಿ ಪ್ರಾಜೆಕ್ಟಿಗೆ ಅಯಾನ್ ಟ್ರ್ಯಾಪ್: ವ್ಯಾಕ್ಯೂಮ್ ಪಂಪ್, ಡಿಟೆಕ್ಟರ್ ಇಲ್ಲದಿದ್ದರೆ ಸಿಮ್ಯುಲೇಶನ್ ಸಾಕಾ?

ಸಾಲದು. (ಅಯಾನ್ ಟ್ರ್ಯಾಪ್ ಅಂದರೆ ಚಾರ್ಜ್ ಇರುವ ಕಣವನ್ನು, ಪೋಲಾರಿಟಿ ತಿರುಗುತ್ತಲೇ ಇರುವ ಎಸಿ ವೋಲ್ಟೇಜಿನಿಂದ ಮುಟ್ಟದೆ ನಡುವೆ ಹಿಡಿದಿಡುವ ಸಾಧನ.) ಪಂಪಿಗೆ ದುಡ್ಡಿಲ್ಲ ಅಂತ ನಾನೂ ಕೊನೆಗೆ ಸಿಮ್ಯುಲೇಶನ್ನನ್ನೇ ಹಿಡಿದುಕೊಂಡು ವೈವಾಕ್ಕೆ ಹೋಗಿ ಮರ್ಯಾದೆ ಕಳೆದುಕೊಂಡವನು.

ನಮ್ಮ ಮಾಷ್ಟ್ರು ಮೊದಲೇ ಹೇಳಿದ್ದರು, "ಅಯಾನೇ ಬೇಕೂಂತ ಯಾರು ಹೇಳಿದ್ದು ಮಾರಾಯ? ಚಾರ್ಜ್ ಇರುವ ಹುಡಿ ಹಿಡಿ, ಗಾಳಿಯಲ್ಲೇ ನಿಲ್ತದೆ." ಬದಿಯಡ್ಕದ ಮನೆಯ ಚಾವಡಿಯಲ್ಲಿ ಶುರು ಮಾಡಿದೆ. 20 ಮಿಮೀ ವ್ಯಾಸದ ತಾಮ್ರದ ಸರಿಗೆಯ ಉಂಗುರ, ಮೇಲೊಂದು ಕೆಳಗೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಗಳ ನಡುವೆ 14 ಮಿಮೀ. ಇಷ್ಟು ಸರಿಯೇ ಇತ್ತು.

ಕೆಟ್ಟದ್ದು ಆವರ್ತನದಲ್ಲಿ. ಪುಸ್ತಕದಲ್ಲಿ ಪೌಲ್ ಟ್ರ್ಯಾಪ್ (ಇದಕ್ಕೇ ವೋಲ್ಫ್‌ಗಾಂಗ್ ಪೌಲ್ ಅವರಿಗೆ 1989ರ ನೊಬೆಲ್) ಅಂದರೆ ರೇಡಿಯೋ ಆವರ್ತನ ಅಂತ ಇತ್ತು. ನಾನು ಕುಂಬಳೆಯ ಟಿವಿ ರಿಪೇರಿಯವರ ಹತ್ತಿರ ಒಳಗೆ ಡಯೋಡ್ ಇಲ್ಲದ ಹಳೇ ಫ್ಲೈಬ್ಯಾಕ್ (ಹಳೇ ಟಿವಿಯ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರ್) ತಂದು 15 ಕಿಲೋಹರ್ಟ್ಸ್‌ನಲ್ಲಿ ಓಡಿಸಿದೆ. ಹುಡಿ ಹಾಕಿದಷ್ಟು ಸಲ ನೆಟ್ಟಗೆ ಕೆಳಗೆ. ನಾಲ್ಕು ತಿಂಗಳು ಉಂಗುರ ಬದಲಿಸಿದೆ, ಹುಡಿ ಬದಲಿಸಿದೆ, ವೋಲ್ಟೇಜ್ ಏರಿಸಿದೆ. ಆವರ್ತನ ಮಾತ್ರ ಮುಟ್ಟಲಿಲ್ಲ.

ಇದನ್ನು ಬಿಡಿಸಿ ಹೇಳಲೇಬೇಕು. ಟ್ರ್ಯಾಪಿನ ಹಿಡಿತ ತೋರಿಸುವ ಕ್ಯೂ ಎಂಬ ಸಂಖ್ಯೆ, ಕಣದ ಪ್ರತಿ ಕೆಜಿಯ ಚಾರ್ಜ್ ಹೆಚ್ಚಿದಂತೆ ಹೆಚ್ಚುತ್ತದೆ, ಆವರ್ತನದ ವರ್ಗ ಹೆಚ್ಚಿದಂತೆ ಇಳಿಯುತ್ತದೆ. ಪರಮಾಣು ದ್ರವ್ಯರಾಶಿ 100 ಇರುವ ಅಯಾನಿಗೆ ಕೆಜಿಗೆ ಸುಮಾರು ಹತ್ತು ಲಕ್ಷ ಕೂಲಂಬ್. ನನ್ನ ಹುಡಿಗೆ 0.0005. ಗೋಡೆಯ ಕರೆಂಟಿನ 50 ಹರ್ಟ್ಸ್‌ನ ಜಾಗದಲ್ಲಿ 15,000 ಹರ್ಟ್ಸ್ ಕೊಟ್ಟರೆ ಹಿಡಿತ 90,000 ಪಟ್ಟು ಕಡಿಮೆ. ಆ ಭಾರದ ಕಣ ಕದಲುವ ಮೊದಲೇ ಪೋಲಾರಿಟಿ ತಿರುಗಿರುತ್ತದೆ, ಉಳಿಯುವುದು ಭೂಮಿಯ ಎಳೆತ ಒಂದೇ. ಸಿಮ್ಯುಲೇಶನ್‌ನಲ್ಲಿ ಮಾತ್ರ ಕಣ ಚಂದಕ್ಕೆ ಕುಣಿಯುತ್ತಿತ್ತು, ಯಾಕೆಂದರೆ ಅಲ್ಲಿ ಅಯಾನನ್ನೂ ಮೆಗಾಹರ್ಟ್ಸನ್ನೂ ತುಂಬಿದ್ದೆ. ಗುರುತ್ವ ಹಾಕಿಯೇ ಇರಲಿಲ್ಲ. ಪರೀಕ್ಷಕರು ಕೇಳಿದ್ದೂ ಅದನ್ನೇ.

ರಿಸಲ್ಟ್ ಬಂದ ಮೇಲೆ ಹಠಕ್ಕೆ ಬಿದ್ದು ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್ ತಂದು, ವೇರಿಯಾಕ್‌ನಲ್ಲಿ (ಎಸಿ ವೋಲ್ಟೇಜ್ ಏರಿಳಿಸುವ ಸಾಧನ) ತಗ್ಗಿಸಿ ಉಂಗುರಕ್ಕೆ 2,100 ವೋಲ್ಟ್ ಕೊಟ್ಟೆ. ಗೋಡೆಯ 50 ಹರ್ಟ್ಸೇ. ಬಾಚಣಿಗೆಯನ್ನು ತಲೆಗೆ ಉಜ್ಜಿ, ಅರಶಿನ ಹುಡಿಗೆ ಮುಟ್ಟಿಸಿ, ಬದಿಯಿಂದ ತಟ್ಟಿದೆ. ಹಸಿರು ಲೇಸರಿನಲ್ಲಿ ಒಂದು ಕಣ ಕಂಡಿತು. ಚುಕ್ಕೆಯಲ್ಲ, ಎಳ್ಳಿನಷ್ಟುದ್ದದ ನಿಂತ ಗೆರೆ. ತನ್ನ ಭಾರಕ್ಕೆ ನಡುವಿನಿಂದ ಕೆಳಗೆ ಜಾರಿ ಅಲ್ಲೇ ನಡುಗುತ್ತಿತ್ತು. ಬಿಲ್ಲೆಗಳಿಗೆ ಡಿಸಿ ಏರಿಸಿದಂತೆ ಗೆರೆ ಗಿಡ್ಡವಾಗುತ್ತ ಬಂದು 280 ವೋಲ್ಟಿಗೆ ಚುಕ್ಕೆಯಾಯಿತು. ಅಂದರೆ ಡಿಸಿ ಎತ್ತುವ ಬಲ ಕಣದ ಭಾರಕ್ಕೆ ಸರಿಸಮ ಆಯಿತು. 9.8ನ್ನು 0.014ರಿಂದ ಗುಣಿಸಿ 280ರಿಂದ ಭಾಗಿಸಿ: ಮೇಲೆ ಹೇಳಿದ 0.0005 ಬಂದದ್ದು ಹೀಗೆ. ನಿಮಗೆ ಬೇಕಾದ ಡಿಟೆಕ್ಟರ್ ಇದೇ, ಲಕ್ಷಗಟ್ಟಲೆ ಸುರಿಯಬೇಡಿ.

ಆ ಟ್ರಾನ್ಸ್‌ಫಾರ್ಮರ್ ಜೀವ ತೆಗೆಯುತ್ತದೆ. ಉಂಗುರಕ್ಕೆ ಹೋಗುವ ತಂತಿಯಲ್ಲಿ 10 ಮೆಗಾಓಮ್ ಹಾಕದೆ ಸ್ವಿಚ್ ಒತ್ತಬೇಡಿ. ಆ ವೋಲ್ಟೇಜ್ ತಡೆಯುವ ರೆಸಿಸ್ಟರೇ ಆಗಬೇಕು. ಆಟಿಯ ಮಳೆಯಲ್ಲಿ ಹುಡಿಯ ಚಾರ್ಜ್ ಸೋರಿಹೋಗುತ್ತದೆ, ನಮ್ಮ ಕಡೆ ಜನವರಿ ಒಳ್ಳೆಯದು. ಮೇಲೊಂದು ಅಕ್ರಿಲಿಕ್ ಪೆಟ್ಟಿಗೆ ಮುಚ್ಚಿ. ನನ್ನ ಮೊದಲ ಕಣ ಇಪ್ಪತ್ತು ನಿಮಿಷ ನಿಂತಿತ್ತು. ಆಮೇಲೆ ಅಮ್ಮ ಬಂದು "ಎಂತ ಸೆಕೆ" ಅಂತ ಫ್ಯಾನ್ ಹಾಕಿದರು.