ಹಳೆ ಮನೆ ಕೊಂಡಿದ್ದೀರಿ, ಸರಿ. ಸಿಮೆಂಟ್ ಮೂಟೆ ಯಾಕೆ ಇಳಿಸಿದಿರಿ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಕೆಲಸ ಬೆಂಗಳೂರಲ್ಲಿ, ತೀರ್ಥಹಳ್ಳಿ, ಸಾಗರ, ಶೃಂಗೇರಿ, ಸಿರ್ಸಿ ಕಡೆ ಒಂದು ಹಳೆ ಹಂಚಿನ ಮನೆ ಕೊಂಡಾಗಿದೆ, ಮೇಸ್ತ್ರಿ ಆಗಲೇ ಒಂದು ಗೋಡೆ ಕೆಡವಿದ್ದಾನೆ, ಈಗ ಏನು ಮಾಡಲಿ ಎಂಬ ಪ್ರಶ್ನೆ. ಕೆಡವುವ ಮೊದಲು ಕೇಳಿದವರು ಕಡಿಮೆ. ಹಾಗೆ ಕೇಳಿದ ಒಬ್ಬರ ಪತ್ರಕ್ಕೆ ಇವತ್ತಿನ ಜಾಗದ ಬಹುಪಾಲು ಕೊಡುತ್ತಿದ್ದೇನೆ. ಪಾಯ ಎಷ್ಟು ಬಗೆ, ಹಂಚು ಎಷ್ಟು ಬಗೆ ಎಂದು ಕೇಳಿದವರು ನಿಮ್ಮ ಮೇಸ್ತ್ರಿಯನ್ನೇ ಕೇಳಿ. ಅಷ್ಟು ಅವನಿಗೆ ಗೊತ್ತಿರುತ್ತದೆ.

ಪ್ರಶ್ನೆ: ಕೊಪ್ಪ ಮತ್ತು ತೀರ್ಥಹಳ್ಳಿ ನಡುವೆ ಒಂದು ಮನೆ ಕೊಂಡಿದ್ದೇವೆ. ಎಂಬತ್ತು ವರ್ಷ ಹಳೆಯದಂತೆ. ಮಣ್ಣಿನ ಗೋಡೆ, ಮರದ ಮುಚ್ಚಿಗೆ, ಹಂಚಿನ ಮಾಡು. ಹಿಂದಿನವರು ಗೋಡೆಯ ಬುಡಕ್ಕೆ ನಾಲ್ಕು ಅಡಿ ಸಿಮೆಂಟ್ ಗಾರೆ ಮಾಡಿಸಿದ್ದಾರೆ. ಆದರೂ ಗೋಡೆ ಒದ್ದೆ, ಬಿಳಿ ಪುಡಿ ಉದುರುತ್ತದೆ, ಬಣ್ಣ ನಿಲ್ಲುವುದಿಲ್ಲ. ಪೂರ್ತಿ ಸಿಮೆಂಟ್ ಗಾರೆ ಮಾಡಿ, ಮಾಡು ಇಳಿಸಿ ಸ್ಲ್ಯಾಬ್ ಹಾಕೋಣ ಅಂತಾರೆ ಮೇಸ್ತ್ರಿ. ವಾಟರ್‌ಪ್ರೂಫಿಂಗ್‌ನವರು ಗೋಡೆಗೆ ತೂತು ಹೊಡೆದು ಕೆಮಿಕಲ್ ತುಂಬಿದರೆ ಹತ್ತು ವರ್ಷ ಗ್ಯಾರಂಟಿ ಅಂತಾರೆ. ವೈಶಾಖದಲ್ಲಿ ಗೃಹಪ್ರವೇಶ ಇಟ್ಟುಕೊಂಡಿದ್ದೇವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಗೃಹಪ್ರವೇಶ ಮಾಡಿಕೊಳ್ಳಿ. ಹಾಲುಕ್ಕಿಸಿ, ನಾಲ್ಕು ಜನಕ್ಕೆ ಊಟ ಹಾಕಿ. ದೊಡ್ಡ ಕೆಲಸ ಮಾತ್ರ ಶುರು ಮಾಡಬೇಡಿ. ಒಂದು ಮಳೆಗಾಲ ಪೂರ್ತಿ ಆ ಮನೆಯನ್ನು ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಿಮ್ಮದು ಅದೇ ಸೀಮೆ. ಅಲ್ಲಿ ಮನೆಯ ನಕ್ಷೆ ಬರೆಯುವುದು ನೀರು. ಫೆಬ್ರವರಿಯ ಬಿಸಿಲಲ್ಲಿ ನಿಂತು ಯಾವ ಆರ್ಕಿಟೆಕ್ಟ್ ಬರೆದರೂ ಅದು ಅರ್ಧ ನಕ್ಷೆ.

ಮಳೆಗೆ ಮುಂಚೆ ಮಾಡಲೇಬೇಕಾದದ್ದು ಎರಡೇ. ಒಂದು, ಹಂಚು ಕೈಯಾಡಿಸುವುದು. ಒಡೆದದ್ದನ್ನು ತೆಗೆದು ಬೇರೆ ಕೂರಿಸಿ, ಕಸ ಗುಡಿಸಿ, ನೆತ್ತಿಯ ಹಂಚಿನ ಗಾರೆ ಬಿರುಕು ಬಿಟ್ಟಿದ್ದರೆ ಮುಚ್ಚಿಸಿ. ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಅಚ್ಚು ಕಾಣುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಸುತ್ತಿನಲ್ಲಿ ಇಂಥವು ಎಷ್ಟೋ ಎದ್ದವು. ಒಂದರ ಹಂಚು ಇನ್ನೊಂದರ ಅಂಚಿನ ತೋಡಿನಲ್ಲಿ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ಸೋರುತ್ತದೆ. ಅದೇ ಅಚ್ಚಿನದ್ದು ಬೇಕು. ಊರಲ್ಲಿ ಯಾರಾದರೂ ಹಳೆ ಮನೆ ಕೆಡವುತ್ತಿದ್ದರೆ ಹೋಗಿ ತನ್ನಿ. ಎರಡು, ಕರೆಂಟು. ಮರದ ಪಟ್ಟಿಯ ಮೇಲೆ ಓಡಿಸಿದ ಹಳೆ ವೈರಿಂಗ್ ಇದ್ದರೆ ಅದನ್ನು ನಂಬಿ ಒದ್ದೆ ಗೋಡೆಯ ಮನೆಯಲ್ಲಿ ಮಲಗಬೇಡಿ. ಅರ್ತಿಂಗ್ ಮಾಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಹಾಕಿಸಿ.

ಈಗ ಒದ್ದೆಯ ವಿಷಯ. ಮಣ್ಣಿನ ಗೋಡೆ ನೆಲದಿಂದ ಸ್ವಲ್ಪ ನೀರು ಹೀರುವುದು ಸಹಜ. ಹೀರಿದ್ದನ್ನು ಮೈಯಿಂದಲೇ ಗಾಳಿಗೆ ಬಿಟ್ಟು ಅದು ಒಣಗುತ್ತದೆ. ಎಂಬತ್ತು ವರ್ಷ ನಿಂತಿರುವುದೇ ಹಾಗೆ. ಹಿಂದಿನವರು ಅದಕ್ಕೆ ನಾಲ್ಕು ಅಡಿ ಸಿಮೆಂಟ್ ಮೆತ್ತಿದರು. ನೀರು ಹೊರಗೆ ಬರಲು ದಾರಿಯಿಲ್ಲದೆ ಮೇಲೆ ಮೇಲೆ ಹತ್ತಿತು. ಉಪ್ಪು ಗಾರೆಯ ಹಿಂದೆ ಕಟ್ಟಿಕೊಂಡು ಗಾರೆಯನ್ನೇ ದೂಡಿತು. ನೀವು ನೋಡುತ್ತಿರುವ ಬಿಳಿ ಪುಡಿ ಅದೇ. ಬೆರಳ ಗೆಣ್ಣಿನಿಂದ ಆ ಗಾರೆಯನ್ನು ತಟ್ಟುತ್ತಾ ಹೋಗಿ. ಬೊಳ್ ಎಂದು ಸದ್ದು ಬರುವ ಕಡೆ ಒಂದು ಅಂಗೈಯಷ್ಟು ಕಿತ್ತು ನೋಡಿ. ಗಾರೆಯ ಬೆನ್ನಿಗೆ ಅರ್ಧ ಇಂಚು ಮಣ್ಣು ಅಂಟಿಕೊಂಡೇ ಬರುತ್ತದೆ, ಒಳಗಿನ ಮಣ್ಣು ಬೆರಳೊತ್ತಿದರೆ ಗುರುತು ಬೀಳುವಷ್ಟು ಮೆತ್ತಗಿರುತ್ತದೆ. ರೋಗ ತಂದ ಔಷಧವನ್ನೇ ನಿಮ್ಮ ಮೇಸ್ತ್ರಿ ಈಗ ಸೂರಿನವರೆಗೆ ಬಳಿಯೋಣ ಎನ್ನುತ್ತಿದ್ದಾನೆ. ಕೋಳಿ ಬಲೆ (ತಂತಿ ಜಾಲರಿ) ಹೊಡೆದು ಮಾಡಿದರೆ ನಿಲ್ಲುತ್ತದೆ ಎಂದೂ ಹೇಳುತ್ತಾನೆ. ಹೌದು, ಗಾರೆ ನಿಲ್ಲುತ್ತದೆ. ಹಿಂದಿನ ಗೋಡೆ ಕರಗುತ್ತಿರುವುದು ನಿಮಗೆ ಕಾಣುವುದಿಲ್ಲ, ಅಷ್ಟೇ.

ಕೆಮಿಕಲ್ ತುಂಬುವುದು ಇಟ್ಟಿಗೆ ಗೋಡೆಯಲ್ಲಿ ಇಟ್ಟಿಗೆಗಳ ನಡುವಿನ ಗಾರೆಯ ಸಾಲು ಹಿಡಿದು ಮಾಡುವ ಕೆಲಸ. ಮಣ್ಣು ಮೆಟ್ಟಿ ಏರಿಸಿದ ಗೋಡೆಯಲ್ಲಿ ಸಾಲು ಎಲ್ಲಿದೆ? ಅಳತೆ ಟೇಪು ಕೂಡ ತೆಗೆಯದೆ, ಮನೆಯ ಹಿಂದೆ ಒಂದು ಸುತ್ತು ಹಾಕದೆ ಹತ್ತು ವರ್ಷದ ಗ್ಯಾರಂಟಿ ಬರೆದುಕೊಡುವವನಿಗೆ ಕಾಫಿ ಕೊಟ್ಟು ಕಳಿಸಿ, ಮುಂಗಡ ಕೊಡಬೇಡಿ.

ಸ್ಲ್ಯಾಬ್ ಬಗ್ಗೆ ಲೆಕ್ಕ ಹೇಳಿದರೆ ಸಾಕು. ಐದು ಇಂಚಿನ ಕಾಂಕ್ರೀಟ್ ಒಂದು ಚದರಡಿಗೆ ಸುಮಾರು 30 ಕೆಜಿ ತೂಗುತ್ತದೆ. ಹಂಚು ನಾಲ್ಕು ಕೆಜಿಯೂ ಇಲ್ಲ. ಹಂಚು ಹೊರುವ ಮರ, ಅಂದರೆ ಅಡ್ಡ ರೀಪು, ಇಳಿಜಾರು ಪಕಾಸಿ ಸೇರಿದರೂ ಕಾಂಕ್ರೀಟಿನ ಹತ್ತಿರ ಸುಳಿಯುವುದಿಲ್ಲ. ಬುಡ ನೆನೆದ ಮಣ್ಣಿನ ಗೋಡೆಯ ಮೇಲೆ ಇದನ್ನು ಹೊರಿಸುವವನು ಮೇಸ್ತ್ರಿಯಾದರೂ ಸರಿ, ಇಂಜಿನಿಯರಾದರೂ ಸರಿ, ಆ ಮನೆಯೊಳಗೆ ಒಂದು ರಾತ್ರಿ ಅವನೇ ಮೊದಲು ಮಲಗಲಿ.

ಮಳೆಗಾಲದಲ್ಲಿ ಏನು ನೋಡಬೇಕು? ಮೊದಲು ಮನೆಯ ಹಿಂದೆ ಹೋಗಿ. ನಿಮ್ಮ ಕಡೆ ಮನೆಗಳನ್ನು ಗುಡ್ಡ ಕಡಿದು ಕಟ್ಟಿರುತ್ತಾರೆ, ಹಿಂದೆ ದರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಇರುತ್ತದೆ. ದರೆಗೂ ಗೋಡೆಗೂ ನಡುವೆ ಒಂದು ಕಾಲುವೆ ಇತ್ತು. ಎಂಬತ್ತು ವರ್ಷದಲ್ಲಿ ಅದು ಮಣ್ಣು, ತರಗೆಲೆ ತುಂಬಿ ಮುಚ್ಚಿದೆ, ಅಥವಾ ಯಾರೋ ಅದರ ಮೇಲೆ ಕಟ್ಟಿಗೆ ಕೊಟ್ಟಿಗೆ ಕಟ್ಟಿದ್ದಾರೆ. ಗುಡ್ಡದ ನೀರು ನೇರ ನಿಮ್ಮ ಗೋಡೆಗೆ ಬಂದು ನಿಲ್ಲುತ್ತಿದೆ. ಅಂಗಳವನ್ನೂ ನೋಡಿ. ಕಟ್ಟುವಾಗ ಎರಡು ಅಡಿ ಎತ್ತರ ಇದ್ದ ತಳಪಾಯ ಈಗ ಅರ್ಧ ಅಡಿ ಕಾಣುತ್ತಿದ್ದರೆ ಮನೆ ತಗ್ಗಿದ್ದಲ್ಲ, ಅಂಗಳ ಏರಿದ್ದು. ಸೂರಿನ ನೀರು ಬಿದ್ದು ಚಿಮ್ಮುವ ಜಾಗ ಗೋಡೆಯಿಂದ ಎಷ್ಟು ದೂರ? ಒಂದೂವರೆ ಅಡಿ ಎತ್ತರದವರೆಗೆ ಮಾತ್ರ ಕೆಸರು ಹಾರಿದ ಗುರುತಿದ್ದರೆ ಅದು ಸೂರಿನ ಚಿಮ್ಮು. ಮೇಲಿನಿಂದ ಕೆಳಗೆ ಕಂದು ಗೆರೆ ಇಳಿದಿದ್ದರೆ ಮಾಡಿನ ಸೋರು. ಬುಡದಿಂದ ಎದ್ದು ಒಂದೇ ಮಟ್ಟಕ್ಕೆ ನಿಂತಿದ್ದರೆ ನೆಲದ ನೀರು. ಬಚ್ಚಲ ಗೋಡೆ ಮಾತ್ರ ವರ್ಷವಿಡೀ ಒದ್ದೆ ಎಂದರೆ ಪೈಪು. ಒದ್ದೆಯ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಜೂನ್, ಆಗಸ್ಟ್, ಅಕ್ಟೋಬರ್, ಹೀಗೆ. ಬಿರುಕುಗಳಿದ್ದರೆ ಅವುಗಳ ತುದಿಗೂ ಹಾಗೇ. ಗೋಡೆಯ ಮೇಲಿನ ಈ ಬರಹ ಯಾವ ಮೀಟರಿಗಿಂತಲೂ ಹೆಚ್ಚು ಹೇಳುತ್ತದೆ.

ಇನ್ನೊಂದು ಕೆಲಸಕ್ಕೆ ಸ್ಕ್ರೂಡ್ರೈವರ್ ಸಾಕು. ಅಟ್ಟ ಹತ್ತಿ, ಪಕಾಸಿ ಗೋಡೆಯ ಮೇಲೆ ಕೂರುವ ತುದಿಗಳಿಗೆ ಚುಚ್ಚಿ ನೋಡಿ. ನಡುವೆ ಮರ ಕಬ್ಬಿಣದಂತಿದ್ದರೂ ತುದಿಯಲ್ಲಿ ಸ್ಕ್ರೂಡ್ರೈವರ್ ಒಂದು ಇಂಚು ಸಲೀಸಾಗಿ ಇಳಿದರೆ ಅಲ್ಲಿ ಕೊಳೆತಿದೆ. ಅದಕ್ಕಾಗಿ ಇಡೀ ಪಕಾಸಿ ಎಸೆಯಬೇಕಿಲ್ಲ. ಕೊಳೆತ ತುದಿ ಕತ್ತರಿಸಿ ಒಳ್ಳೆ ಮರ ಕೂಡಿಸಿ ಬೋಲ್ಟ್ ಹಾಕುವ ಆಚಾರ್ರು ಇನ್ನೂ ಇದ್ದಾರೆ. ಹುಡುಕಿ, ಕೇಳಿದಷ್ಟು ಕೂಲಿ ಕೊಡಿ.

ಮಳೆ ಮುಗಿದು ದೀಪಾವಳಿ ಕಳೆದ ಮೇಲೆ ಕೆಲಸ. ಮೊದಲು ದರೆಯ ಕಾಲುವೆ ಬಿಡಿಸಿ, ಅಂಗಳದ ಮಣ್ಣು ತೆಗೆದು ಮನೆಯಿಂದ ಆಚೆಗೆ ಇಳಿಜಾರು ಮಾಡಿ. ಗೋಡೆಯ ಬುಡಕ್ಕೆ ಸಿಮೆಂಟ್ ಹಾಸು ಬೇಡ, ಜಲ್ಲಿ ಅಥವಾ ಕಲ್ಲು ಹಾಸಿದರೆ ಸಾಕು. ಆಮೇಲೆ ಆ ನಾಲ್ಕು ಅಡಿ ಸಿಮೆಂಟ್ ಗಾರೆಯನ್ನು ಉಳಿಯಲ್ಲಿ ನಿಧಾನಕ್ಕೆ ಬಿಡಿಸಿ (ಬ್ರೇಕರ್ ಮಷಿನ್ ತಂದರೆ ಗೋಡೆಯೂ ಜೊತೆಗೆ ಬರುತ್ತದೆ) ಬರಿ ಗೋಡೆಯನ್ನು ಗಾಳಿಗೆ ಬಿಡಿ. ಮಾರ್ಚ್‌ವರೆಗೆ ಒಣಗಲಿ. ಹೊರಗಿನ ಗೋಡೆಗೆ ಮಾಡು ಚಾಚಿಲ್ಲದ ಕಡೆ ಮುಂದಿನ ಮಳೆಗೆ ಸೋಗೆ ತಟ್ಟಿ ಕಟ್ಟಿ. ನಿಮ್ಮ ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ, ಕೇಳಿ. ಒಣಗಿದ ಮೇಲೆ ಮಣ್ಣಿನ ಗಾರೆ ಅಥವಾ ಸುಣ್ಣದ ಗಾರೆ. ಸುಣ್ಣವನ್ನು ಅರಳಿಸಿ ವಾರಗಟ್ಟಲೆ ನೀರಲ್ಲಿ ನೆನೆಹಾಕಿಡಬೇಕು. ಒಂದಕ್ಕೆ ಮೂರು ಮರಳು. ಇದರಲ್ಲಿ ‘ಗಟ್ಟಿಗೆ ಇರಲಿ’ ಎಂದು ಮೇಸ್ತ್ರಿ ಕದ್ದು ಒಂದು ಬಾಂಡ್ಲಿ ಸಿಮೆಂಟ್ ಸೇರಿಸುತ್ತಾನೆ, ಎದುರಿಗೆ ನಿಂತಿರಿ. ಮೊದಲು ನಾಲ್ಕಡಿ ಚೌಕ ಮಾಡಿಸಿ, ಹದಿನೈದು ದಿನ ಬಿಟ್ಟು ನೋಡಿ, ಆಮೇಲೆ ಉಳಿದದ್ದು. ಮೇಲೆ ಸುಣ್ಣವನ್ನೇ ಬಳಿಯಿರಿ. ಪುಟ್ಟಿ ಹಾಕಿ ಎಮಲ್ಷನ್ ಬಳಿದರೆ ಮತ್ತೆ ಅದೇ ಕತೆ.

ಬಚ್ಚಲು, ಪಾಯಿಖಾನೆಯನ್ನು ಮಣ್ಣಿನ ಗೋಡೆಯ ಕೋಣೆಯೊಳಗೆ ತುರುಕಬೇಡಿ, ಮುಚ್ಚಿಗೆಯ ಮೇಲಂತೂ ಖಂಡಿತ ಬೇಡ. ಹಿಂದಿನ ಕಾಲದಲ್ಲಿ ಬಚ್ಚಲು ಹಿತ್ತಲ ಕಡೆ ಬೇರೆಯೇ ಇದ್ದದ್ದು ಮಡಿಗೆ ಮಾತ್ರವಲ್ಲ. ಅಲ್ಲೇ ಜಂಬಿಟ್ಟಿಗೆಯಲ್ಲಿ ಹೊಸದಾಗಿ ಕಟ್ಟಿ, ನಡುವೆ ಒಂದು ಸಣ್ಣ ಪಡಸಾಲೆ ಬಿಟ್ಟು ಮನೆಗೆ ಸೇರಿಸಿ. ಸಿಮೆಂಟು, ಟೈಲ್ಸು, ಗೀಸರು ಎಲ್ಲ ಆಸೆಯನ್ನೂ ಅಲ್ಲಿ ತೀರಿಸಿಕೊಳ್ಳಿ. ಕೈಯಲ್ಲಿರುವ ದುಡ್ಡಿನಲ್ಲಿ ಕಾಲು ಭಾಗವನ್ನು ಯಾವ ಲೆಕ್ಕಕ್ಕೂ ಹಿಡಿಯಬೇಡಿ. ಮಾಡು ಬಿಚ್ಚಿದ ದಿನ ಅದು ಬೇಕಾಗುತ್ತದೆ.

ಪ್ರಶ್ನೆ: ಹಳೆ ಮನೆ ರಿಪೇರಿಗೆ ಚದರಡಿಗೆ ಎಷ್ಟಾಗುತ್ತದೆ?

ಉತ್ತರ: ಮನೆ ನೋಡದೆ ರೇಟ್ ಹೇಳುವವನ ಹತ್ತಿರ ಕೆಲಸ ಕೊಡಬೇಡಿ. ನಾನೂ ಹೇಳುವುದಿಲ್ಲ.

ಪ್ರಶ್ನೆ: ವಾಸ್ತು ಪ್ರಕಾರ ಅಡುಗೆಮನೆ ಗೋಡೆ ಒಡೆದು ಬಾಗಿಲು ಇಡಬೇಕಂತೆ.

ಉತ್ತರ: ಆ ಗೋಡೆಯ ಮೇಲೆ ಜಂತಿ ಕೂತಿದೆಯೋ ಇಲ್ಲವೋ ಎಂದು ವಾಸ್ತು ಹೇಳಿದವರನ್ನು ಕೇಳಿ. ಉತ್ತರ ಬರುವವರೆಗೆ ಒಡೆಯಬೇಡಿ.

ಪ್ರಶ್ನೆ: ಕಾವಿ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಕೂರಿಸಬಹುದೇ?

ಉತ್ತರ: ಬೇಡ. ನೆಲದಲ್ಲಿ ಆರಬೇಕಾದ ತೇವ ಗೋಡೆಗೆ ಹೋಗುತ್ತದೆ.

ಪ್ರಶ್ನೆ: ಮನೆ ಗ್ರಾಮಠಾಣಾದಲ್ಲಿ (ಊರಿನ ವಸತಿ ಜಾಗದಲ್ಲಿ) ಇಲ್ಲ, ಪಹಣಿ ಜಮೀನಿನಲ್ಲಿದೆ. ಪಂಚಾಯ್ತಿಯವರು ಆಸ್ತಿಯ ದಾಖಲೆ ನಮೂನೆ 9 ಕೊಡುತ್ತಿಲ್ಲ.

ಉತ್ತರ: ಇದು ವಕೀಲರಿಗೆ, ಅದೂ ಕೊಳ್ಳುವ ಮೊದಲು ಕೇಳಬೇಕಿದ್ದ ಪ್ರಶ್ನೆ.

ಪ್ರಶ್ನೆ: ಗೆದ್ದಲಿಗೆ ಹಳೆ ಇಂಜಿನ್ ಆಯಿಲ್ ಬಳಿದರೆ ಸಾಕು ಅಂತಾರೆ, ನಿಜವೇ?

ಉತ್ತರ: ಮನೆಗೆ ಗ್ಯಾರೇಜಿನ ವಾಸನೆ ಬರುತ್ತದೆ, ಬೆಂಕಿಗೂ ಅನುಕೂಲ. ಗೆದ್ದಲು ಮಣ್ಣಿನಿಂದ, ತೇವದ ದಾರಿ ಹಿಡಿದು ಬರುತ್ತದೆ. ಗೋಡೆಯ ಮೇಲಿನ ಅದರ ಮಣ್ಣಿನ ಕೊಳವೆಯನ್ನು ಎರಡು ಇಂಚು ಒಡೆದು ಬಿಡಿ. ಕೆಲವು ದಿನದಲ್ಲಿ ಮತ್ತೆ ಕಟ್ಟಿದ್ದರೆ ಹುಳ ಜೀವಂತ ಇದೆ, ಬುಡದ ಮಣ್ಣಿಗೆ ಔಷಧ ಹಾಕಿಸಬೇಕು. ಒಳಗಿನ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣ ಒಳ್ಳೆಯದು, ಆದರೆ ಮಳೆ ಬೀಳುವ ಕಡೆ ತೊಳೆದುಹೋಗುತ್ತದೆ.

ಪ್ರಶ್ನೆ: ಹಂಚಿನ ಮೇಲೆ ತಗಡಿನ ಶೀಟ್ ಹಾಕಿಸಲೇ? ಮಂಗಗಳ ಕಾಟ.

ಉತ್ತರ: ಶೀಟ್ ನನಗೆ ಇಷ್ಟವಿಲ್ಲ. ಆದರೆ ತಿಂಗಳಿಗೊಮ್ಮೆ ಬಂದು ಹೋಗುವ ನಿಮ್ಮಂಥವರಿಗೆ, ಮಂಗ ಒಡೆದ ಒಂದು ಹಂಚು ಮುಂದಿನ ಭೇಟಿಯ ಹೊತ್ತಿಗೆ ಒಂದು ಪಕಾಸಿಯನ್ನು ತಿಂದಿರುತ್ತದೆ. ಹಾಕಿಸುವುದೇ ಆದರೆ ಮಣ್ಣಿನ ಗೋಡೆಗೆ ಮೊಳೆ ಹೊಡೆಯದೆ ಹೊರಗಡೆ ಬೇರೆ ಕಬ್ಬಿಣದ ಕಂಬ ನಿಲ್ಲಿಸಿ, ಹಂಚಿಗೂ ಶೀಟಿಗೂ ನಡುವೆ ಗಾಳಿಯಾಡಲು, ಆಳು ಬಗ್ಗಿ ಹೋಗಲು ಜಾಗ ಬಿಡಿ. ಶೀಟನ್ನು ಸೂರಿಗಿಂತ ಎರಡು ಅಡಿ ಮುಂದಕ್ಕೆ ಚಾಚಿಸಿ. ಗೋಡೆಯ ಬುಡಕ್ಕೆ ಚಿಮ್ಮುವುದೂ ನಿಲ್ಲುತ್ತದೆ. ಗಾಳಿ ಜೋರಿರುವ ಗುಡ್ಡದ ನೆತ್ತಿಯ ಮನೆಯಾದರೆ ಕಂಬದ ಬುಡಕ್ಕೆ ಕಾಂಕ್ರೀಟ್ ಜಿಪುಣತನ ಮಾಡಬೇಡಿ.